ಹಳೆಯ ಪಟದಲ್ಲಿ ಉಡಿಗೆಯೂ ಮುಡಿಯೂ

ನರಸಿಂಹರಾಜಪುರದ ಕಡೆಯ ಒಂದು ಅಡಕೆ ತೋಟದ ಮನೆಯಲ್ಲಿ ಈಚೆಗೆ ನಾವು ಒಂದು ಹಳೆಯ ಭಾವಚಿತ್ರವನ್ನು ಕಂಡೆವು. ಜಗಲಿಯ ಮುಂದೆ ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದಾರೆ. ಗಂಡಸರ ಹೆಸರುಗಳನ್ನು ಮನೆಯವರು ಒಂದೇ ಉಸಿರಿನಲ್ಲಿ ಹೇಳಿದರು. ಹೆಂಗಸರ ಸರದಿ ಬಂದಾಗ "ಯಾರೋ ಅತ್ತೆಯಿರಬೇಕು, ಚಿಕ್ಕಮ್ಮನೋ ಏನೋ" ಎಂದು ತಡವರಿಸಿದರು. ಹೆಸರು ಮರೆತುಹೋಗಿದ್ದರೂ ಆ ಸ್ತ್ರೀಯರ ಉಡಿಗೆ ಮುಡಿಗಳು ಮಾತ್ರ ಇನ್ನೂ ಏನನ್ನೋ ಹೇಳುತ್ತಿದ್ದುವು.

ಹಿರಿಯ ಮುತ್ತೈದೆಯರು ಉಟ್ಟಿರುವುದು 18 ಮೊಳದ ಕಚ್ಚೆ ಸೀರೆ. ಕೂದಲನ್ನು ತುರುಬು ಕಟ್ಟಿದ್ದಾರೆ. ಹರೆಯದ ಹುಡುಗಿಯೊಬ್ಬಳು ಜಡೆಯನ್ನು ಎದೆಯ ಮುಂದಕ್ಕೆ ತಂದುಕೊಂಡಿದ್ದಾಳೆ. ಇಲ್ಲದಿದ್ದರೆ ಜಡೆಬಿಲ್ಲೆಯಾಗಲಿ ಕುಚ್ಚಾಗಲಿ ಪಟದಲ್ಲಿ ಬೀಳುತ್ತಿರಲಿಲ್ಲ. ಮೊಗ್ಗಿನ ಜಡೆ ಹಾಕಿದ ಹೆಣ್ಣಿನ ಬೆನ್ನ ಹಿಂದೆ ಕನ್ನಡಿಯಿರಿಸಿ ಪಟ ತೆಗೆಸುತ್ತಿದ್ದುದೂ ಇದೇ ಕಾರಣದಿಂದ. ಮಲೆನಾಡಿನ ಒಕ್ಕಲಿಗ ಮನೆಗಳ ಪಟಗಳಲ್ಲಾದರೋ ಸೆರಗನ್ನು ಹೆಗಲ ಮೇಲೆ ಗಂಟಿಕ್ಕುವ ಗೊಬ್ಬೆ ಸೀರೆ ಕಾಣುತ್ತದೆ. ಕೊಡಗಿನ ಪಟಗಳಲ್ಲಿ ನೆರಿಗೆ ಬೆನ್ನ ಕಡೆಗಿರುತ್ತದೆ. ಉಡುವ ಬಗೆಯನ್ನು ನೋಡಿಯೇ ಇವರು ಯಾವ ಸೀಮೆಯವರು, ಯಾವ ಸಮಾಜದವರು ಎಂದು ಅಂದಿನವರು ಊಹಿಸಬಲ್ಲವರಾಗಿದ್ದರು.

ದೂರದ ಚೀನದಲ್ಲಿಯೂ ಹೀಗೆಯೇ ಇತ್ತು. ಜಾನ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ಛಾಯಾಗ್ರಾಹಕರು 1871–72ರ ಸುಮಾರಿಗೆ ಪೀಕಿಂಗಿನಲ್ಲಿ ತೆಗೆದ ಪಟಗಳಲ್ಲಿ, ಆಗ ಆ ದೇಶವನ್ನಾಳುತ್ತಿದ್ದ ಮಂಚು ಜನಾಂಗದ ಸ್ತ್ರೀಯರಿದ್ದಾರೆ. ಉದ್ದನೆಯ ನಿಲುವಂಗಿ, ನೆತ್ತಿಯ ಮೇಲೆ ಅಡ್ಡಪಟ್ಟಿಗೆ ಸುತ್ತಿದ ಕೂದಲು, ಬಿಗಿದು ಕಟ್ಟದ ಪಾದ: ಇವುಗಳಿಂದ ಅವರು ಹಾನ್ ಸ್ತ್ರೀಯರಲ್ಲವೆಂದು ತಿಳಿಯುತ್ತಿತ್ತು. 1912ರಲ್ಲಿ ಅವರ ಅರಸೊತ್ತಿಗೆ ಅಳಿದ ಮೇಲೆ ಆ ಉಡುಪು ಕ್ರಮೇಣ ನಿತ್ಯಜೀವನದಿಂದ ಮರೆಯಾಯಿತು. ಈಗ ಅದನ್ನು ಅರಿಯಬಯಸುವವರಿಗೆ ಇಂಥ ಪಟಗಳೇ ಆಸರೆ.

ಆದರೆ ಪಟ ಹೇಳುವುದನ್ನೆಲ್ಲ ಹಾಗೆಯೇ ನಂಬುವಂತಿಲ್ಲ. ಹಿಂದಿನ ಗಾಜಿನ ತಟ್ಟೆಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಆದಕಾರಣ ಮದುಮಗಳ ಕೆಂಪು ಸೀರೆಯೂ ಹಣೆಯ ಕುಂಕುಮವೂ ಕಪ್ಪಾಗಿ ಮೂಡಿವೆ. ನೀಲಿ ಬಣ್ಣ ಬಿಳಿಚಿಕೊಂಡಿದೆ.

ನಾವು ಕಂಡ ಪಟದ ಮೂಲೆಯಲ್ಲಿಯೂ ಇಂಥ ಒಂದು ಕಪ್ಪು ಸೀರೆಯಿದೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಾರೆ. ಕುಪ್ಪಸವಿಲ್ಲ, ಬಳೆಯಿಲ್ಲ, ಮುಖ ಅರ್ಧ ಮರೆಯಾಗಿದೆ. ತಲೆ ಬೋಳಿಸಿಕೊಂಡ ವಿಧವೆಯರು ಉಡುತ್ತಿದ್ದ ಕೆಂಪು ಸೀರೆಯೇ ಅದಿರಬೇಕು. ಇದೇ ನರಸಿಂಹರಾಜಪುರದ ಮೂಲದವರಾದ ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟವಾದ 'ಫಣಿಯಮ್ಮ' ಕಾದಂಬರಿಯಲ್ಲಿ, ಬಾಲ್ಯದಲ್ಲಿಯೇ ವಿಧವೆಯಾಗಿ ಮುಡಿ ಕಳೆದುಕೊಂಡ, ನಿಜವಾಗಿ ಬಾಳಿದ್ದ ಒಬ್ಬ ತಾಯಿಯ ಕಥೆಯನ್ನು ಹೇಳಿದ್ದಾರೆ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಇಂದಿರಾ ಅವರು ಬರೆಯದೆ ಹೋಗಿದ್ದರೆ ಆ ತಾಯಿಯೂ ಮನೆಯವರ ನೆನಪಿನಾಚೆಗೆ ಯಾರಿಗೂ ತಿಳಿಯದೆ ಹೋಗುತ್ತಿದ್ದರು. ಹಿಂದಿನವರ ಜಡೆಬಿಲ್ಲೆಯ ಚೆಲುವನ್ನು ಹೊಗಳುವ ನಾವು, ಅದೇ ಜಗಲಿಯಲ್ಲಿ ಮುಡಿಯಿಲ್ಲದೆ ನಿಂತವರನ್ನು ಮರೆಯುವುದು ನ್ಯಾಯವಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯಲ್ಲಿರುವ ಹಳೆಯ ಪಟಗಳನ್ನು ಅಟ್ಟದಿಂದ ಇಳಿಸಿ, ಅಜ್ಜಿಯಂದಿರ ಮುಂದಿಡಿರಿ. ಸೀರೆಯ ಬಣ್ಣ ಯಾವುದು, ಯಾರು ಉಟ್ಟದ್ದು, ಮೂಲೆಯಲ್ಲಿ ನಿಂತವರು ಯಾರು ಎಂದು ಕೇಳಿರಿ. ಸಾಧ್ಯವಾದರೆ ಕಚ್ಚೆ ಹಾಕುವ ಕ್ರಮವನ್ನು ಅವರ ಕೈಯಿಂದಲೇ ಒಮ್ಮೆ ಕಲಿತುಕೊಳ್ಳಿರಿ. ಬೆನ್ನ ಹಿಂದಿನ ಗಂಟನ್ನು ಯಾವ ಪಟವೂ ತೋರಿಸಲಾರದು. ಕೇಳಿ ತಿಳಿದ ಹೆಸರುಗಳನ್ನು ಪಟದ ಹಿಂಬದಿಯಲ್ಲಿ, ಅಂಚಿನ ಬಳಿ, ಮೆತ್ತನೆಯ ಸೀಸದಕಡ್ಡಿಯಿಂದ ಹಗುರವಾಗಿ ಬರೆದಿಡಿರಿ. ಶಾಯಿ ಬೇಡ, ಅದು ಮುಂಬದಿಗೆ ಇಳಿದೀತು. ಆ ಮನೆಯವರು ಮೂಲೆಯಲ್ಲಿದ್ದವರ ಹೆಸರನ್ನು ಇನ್ನೂ ಹುಡುಕುತ್ತಿದ್ದಾರೆ. ಅದನ್ನು ಬಲ್ಲ ಹಿರಿಯರು ಊರಿನಲ್ಲಿ ಒಬ್ಬರೋ ಇಬ್ಬರೋ ಉಳಿದಿದ್ದಾರಂತೆ.