ಸೊಂಟದ ಪಿಸ್ತೂಲು, ಗೋಡೆಯ ಕೋವಿ

ಕಾಶಿಯ ಗೊದೌಲಿಯಾ ಚೌಕ ದಾಟಿ ವಿಶ್ವನಾಥನ ಗಲ್ಲಿಯತ್ತ ತಿರುಗಿದರೆ ಸಾಕು, ಅಂಗಡಿಯವರ ಕರೆ ಶುರು: ಮೊಬೈಲು, ಪೆನ್ನು, ಬೆಲ್ಟು ಎಲ್ಲ ಇಲ್ಲೇ ಬಿಡಿ, ಪ್ರಸಾದದ ಬುಟ್ಟಿ ಕೊಂಡರೆ ಲಾಕರ್ ಪುಕ್ಕಟೆ. ಮುಂದೆ ಲೋಹಶೋಧಕದ ಚೌಕಟ್ಟು, ಮೈ ತಡವುವ ಪೊಲೀಸರು, ರೈಫಲ್ ಹಿಡಿದು ನಿಂತ ಸಿಆರ್‌ಪಿಎಫ್ ಜವಾನರು. ಹಾವೇರಿಯಿಂದಲೋ ಬೀದರಿನಿಂದಲೋ ಬಂದ ಅಜ್ಜಿಯ ಎಲೆಅಡಿಕೆ ಸಂಚಿಯನ್ನೂ ಬಿಚ್ಚಿಸಿ ನೋಡುತ್ತಾರೆ. ಅಜ್ಜಿಗೆ ಅದರ ಬಗ್ಗೆ ತಕರಾರಿಲ್ಲ. ದರ್ಶನ ಬೇಗ ಆಗಬೇಕು, ಅಷ್ಟೇ.

ಇದೇ ವಾರಾಣಸಿ ಇರುವ ಪೂರ್ವಾಂಚಲದಲ್ಲಿ ಬಂದೂಕಿಗೆ ಬೇರೆಯದೇ ಮರ್ಯಾದೆ. 2016ರ ಕೊನೆಗೆ ದೇಶದಲ್ಲಿದ್ದ 33.69 ಲಕ್ಷ ಶಸ್ತ್ರ ಪರವಾನಗಿಗಳಲ್ಲಿ 12.77 ಲಕ್ಷ ಉತ್ತರ ಪ್ರದೇಶದವು ಎನ್ನುತ್ತದೆ ಕೇಂದ್ರ ಗೃಹ ಇಲಾಖೆಯ ಲೆಕ್ಕ. ಲೆಕ್ಕಕ್ಕೆ ಸಿಗದ ‘ಕಟ್ಟಾ’ಗಳು, ಅಂದರೆ ನಾಡ ಪಿಸ್ತೂಲುಗಳು, ಬೇರೆ. ಮದುವೆ ದಿಬ್ಬಣದಲ್ಲಿ ಗುಂಡು ಹಾರಿಸುವ ಚಟ ಎಷ್ಟು ಬೆಳೆಯಿತೆಂದರೆ, 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದು ಅದಕ್ಕೆಂದೇ ಎರಡು ವರ್ಷದವರೆಗಿನ ಸಜೆ ಸೇರಿಸಬೇಕಾಯಿತು. ಊರ ದೊಡ್ಡ ಮನುಷ್ಯ ಎಷ್ಟು ದೊಡ್ಡವನೆಂದು ಅವನ ಹಿಂದೆ ನಡೆಯುವ ಗನ್ನರ್‌ಗಳನ್ನು ಎಣಿಸಿ ಹೇಳುತ್ತಾರೆ. ಗೋರಖಪುರದ ಮಠಾಧೀಶರೂ ರಾಜ್ಯದ ಮುಖ್ಯಮಂತ್ರಿಯೂ ಆದ ಯೋಗಿ ಆದಿತ್ಯನಾಥರು 2022ರ ಚುನಾವಣಾ ಪ್ರಮಾಣಪತ್ರದಲ್ಲಿ ಒಂದು ರಿವಾಲ್ವರ್, ಒಂದು ರೈಫಲ್ ತಮ್ಮ ಬಳಿ ಇದೆಯೆಂದು ಘೋಷಿಸಿದ್ದರು. ಅದು ಕಾನೂನುಬದ್ಧವೇ, ಅಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಹಾಗಿದ್ದ ಮೇಲೆ, ಲೈಸೆನ್ಸ್ ಇರುವ ಸಭ್ಯ ಗೃಹಸ್ಥನೊಬ್ಬ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿ, ಮೇಲೆ ಕುರ್ತಾ ಇಳಿಬಿಟ್ಟು ಗುಡಿಗೆ ಬಂದರೆ ಅಥವಾ ನೆಂಟರ ಮನೆಗೆ ಹೋದರೆ ತಪ್ಪೇನು?

ಗುಡಿಯ ಮಟ್ಟಿಗೆ ಕಾನೂನಿನ ಉತ್ತರ ಸ್ಪಷ್ಟವಾಗಿದೆ, ತಿಳಿದವರು ಕಡಿಮೆ. ಅಮೃತಸರದ ಸ್ವರ್ಣಮಂದಿರದೊಳಗೆ ಉಗ್ರರು ಶಸ್ತ್ರ ಕೂಡಿಟ್ಟ ಕಹಿ ಅನುಭವದ ನಂತರ 1988ರಲ್ಲಿ ಬಂದ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆಯ ಪ್ರಕಾರ, ಶಸ್ತ್ರವನ್ನಾಗಲೀ ಶಸ್ತ್ರ ಹೊತ್ತವರನ್ನಾಗಲೀ ಪೂಜಾಸ್ಥಳದ ಒಳಗೆ ಬಿಡಬಾರದು. ವಿನಾಯಿತಿ ಎರಡೇ: ಸಿಖ್ಖರ ಕಿರ್ಪಾಣ್ ಮತ್ತು ಸಂಪ್ರದಾಯದಂತೆ ಪೂಜೆಯ ಅಂಗವಾಗಿರುವ ಆಯುಧಗಳು. ಈ ಎರಡೂ ಎಲ್ಲರ ಅರಿವಿನಲ್ಲಿರುವಂಥವು, ಯಾರಿಂದಲೂ ಬಚ್ಚಿಡಬೇಕಾದವಲ್ಲ. ಬೀದಿಯ ನಿಯಮವೇ ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಪೂರ್ತಿ ಮುಚ್ಚಿರಬೇಕು ಎನ್ನುತ್ತವೆ. ಝಳಪಿಸಿ ಜನರನ್ನು ಹೆದರಿಸಬಾರದೆಂಬ ಕಾಳಜಿ ಅದು. ಬೀದಿಯಲ್ಲಿ ಸಭ್ಯತೆಯೆನಿಸುವ ಮುಚ್ಚುಮರೆ ಗುಡಿಯೊಳಗೆ ಯಾಕೆ ಸಲ್ಲುವುದಿಲ್ಲ ಎಂಬುದೇ ನನಗೆ ಇಲ್ಲಿ ಮುಖ್ಯ.

‘ನಮ್ಮ ದೇವರ ಕೈಯಲ್ಲೇ ಆಯುಧವಿದೆ, ಭಕ್ತನಿಗೇಕೆ ಬೇಡ?’ ಎನ್ನುವವರಿದ್ದಾರೆ. ಕಾಶಿಯಲ್ಲಂತೂ ಈ ವಾದಕ್ಕೆ ಸಾಕ್ಷಿಗಳಿಗೆ ಬರವಿಲ್ಲ. ಕಾಲಭೈರವ ಈ ಊರಿನ ಕೋತ್ವಾಲ. ಕೋತವಾಲಿ ಠಾಣೆಯಲ್ಲಿ ಅಧಿಕಾರಿಯ ಕುರ್ಚಿ ಅವನಿಗೇ ಮೀಸಲು, ಠಾಣಾಧಿಕಾರಿ ಪಕ್ಕದ ಕುರ್ಚಿಯಲ್ಲಿ ಕೂರುವುದು ವಾಡಿಕೆ. ಹನುಮಾನ್ ಘಾಟಿನಲ್ಲಿ ಜೂನಾ ಅಖಾಡವಿದೆ. ಅದರ ನಾಗಾ ಸನ್ಯಾಸಿಗಳು ಭಲ್ಲೆಗೆ ಪೂಜೆ ಸಲ್ಲಿಸುತ್ತಾರೆ. ಅನೂಪಗಿರಿ ಗೋಸಾಯಿಯಂಥವರು 18ನೇ ಶತಮಾನದಲ್ಲಿ ಸನ್ಯಾಸಿಗಳ ಸೈನ್ಯವನ್ನೇ ಕಟ್ಟಿ ಬಕ್ಸರ್ ಯುದ್ಧದಲ್ಲಿ ಕಾದಿದವರು. ಇದೆಲ್ಲ ನಿಜ. ಆದರೆ ದುರ್ಗೆಯ ಅಷ್ಟೂ ಕೈಗಳ ಅಷ್ಟೂ ಆಯುಧಗಳು ಕಣ್ಣೆದುರಿಗೇ ಇವೆ. ನಾಗಾ ಸಾಧುವಿಗೆ ಬಚ್ಚಿಡಲು ಬಟ್ಟೆಯೇ ಇಲ್ಲ! ಯಾರ ಕೈಯಲ್ಲಿ ಏನಿದೆ, ಯಾವ ಕಾರಣಕ್ಕಿದೆ ಎಂಬುದು ನೋಡುವವರಿಗೆಲ್ಲ ಗೊತ್ತು. ಕುರ್ತಾದೊಳಗಿನ ಪಿಸ್ತೂಲಿನ ವಿಷಯ ಹೊತ್ತವನೊಬ್ಬನಿಗೇ ಗೊತ್ತು. ಯಾವಾಗ ಅಪಾಯ ಬಂತು, ಯಾರು ಅಪಾಯಕಾರಿ ಎಂಬ ತೀರ್ಪೂ ಅವನೊಬ್ಬನದೇ. ಸಾಲಿನಲ್ಲಿ ಪಕ್ಕ ನಿಂತವರು ತಮಗೆ ಗೊತ್ತಿಲ್ಲದೆಯೇ ಅವನ ವಿಚಾರಣೆಗೆ ಒಳಗಾಗಿರುತ್ತಾರೆ.

ಎದುರು ಪಕ್ಷದ ಗಟ್ಟಿಯಾದ ಸಾಕ್ಷಿ ಅಮೆರಿಕದಿಂದ ಬರುತ್ತದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. 2019ರ ಡಿಸೆಂಬರ್ 29ರಂದು ಟೆಕ್ಸಾಸ್‌ನ ವೈಟ್ ಸೆಟಲ್‌ಮೆಂಟ್ ಎಂಬ ಊರಿನ ಚರ್ಚಿನಲ್ಲಿ ಒಬ್ಬ ಗುಂಡು ಹಾರಿಸಿ ಇಬ್ಬರನ್ನು ಕೊಂದ. ಚರ್ಚಿನ ಸ್ವಯಂಸೇವಕ ಕಾವಲುಗಾರ ಜ್ಯಾಕ್ ವಿಲ್ಸನ್ ಆರೇ ಸೆಕೆಂಡಿನಲ್ಲಿ ಅವನನ್ನು ಹೊಡೆದುರುಳಿಸಿದರು. ಅವರು ಇಲ್ಲದಿದ್ದರೆ ಇನ್ನೆಷ್ಟು ಹೆಣ ಬೀಳುತ್ತಿತ್ತೋ. ಎರಡು ವರ್ಷ ಮೊದಲು ಅದೇ ರಾಜ್ಯದ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ 26 ಜನ ಸತ್ತಿದ್ದರು. ಆದರೆ ವಿಲ್ಸನ್ ಬಂದೂಕು ತರಬೇತುದಾರರು, ಚರ್ಚೇ ನೇಮಿಸಿದ ತಂಡದವರು. ಹಂತಕ ಬಿದ್ದ ಮೇಲೆ ಸಾಲುಗಳಿಂದ ಇನ್ನೂ ಕೆಲವರು ತಂತಮ್ಮ ಪಿಸ್ತೂಲು ಎಳೆದು ನಿಂತದ್ದು ವೀಡಿಯೊದಲ್ಲಿದೆ. ಆ ಗಳಿಗೆಗೆ ಪೊಲೀಸನೊಬ್ಬ ಒಳಗೆ ಕಾಲಿಟ್ಟಿದ್ದರೆ ಯಾರನ್ನು ಹಂತಕನೆಂದು ತಿಳಿಯುತ್ತಿದ್ದ? ನನಗೆ ಆ ಪ್ರಸಂಗದಲ್ಲಿ ನೇಮಿತ ಕಾವಲಿನ ಪರವಾದ ಸಾಕ್ಷಿ ಕಾಣುತ್ತದೆ. ಮನಸ್ಸಿಗೆ ಬಂದವರೆಲ್ಲ ಹೊತ್ತು ತರುವ ಗುಟ್ಟಿನ ಪಿಸ್ತೂಲಿಗೆ ಅದು ಸಾಕ್ಷಿಯಾಗಲಾರದು.

ಕಾಶಿ ಕಂಡ ಆಪತ್ತುಗಳು ಇನ್ನೊಂದು ಬಗೆಯವು. 2006ರ ಮಾರ್ಚ್ 7, ಮಂಗಳವಾರ. ಹನುಮನ ವಾರವಾದ್ದರಿಂದ ಸಂಕಟ ಮೋಚನ ಮಂದಿರ ತುಂಬಿತ್ತು. ಅಲ್ಲೊಂದು ಬಾಂಬ್, ಕಂಟೋನ್ಮೆಂಟ್ ರೈಲು ನಿಲ್ದಾಣದಲ್ಲಿ ಇನ್ನೊಂದು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2010ರ ಡಿಸೆಂಬರ್ 7ರಂದು ಶೀತಲಾ ಘಾಟಿನಲ್ಲಿ ಆರತಿಯ ಹೊತ್ತಿಗೇ ಮತ್ತೊಂದು ಸಿಡಿಯಿತು. ಇಟ್ಟುಹೋದ ಬಾಂಬಿನೆದುರು ಭಕ್ತನ ಸೊಂಟದ ಪಿಸ್ತೂಲು ಏನು ಮಾಡೀತು? ಏನಾದರೂ ಮಾಡಬಹುದಾಗಿದ್ದರೆ ಅದು ಸ್ಫೋಟದ ನಂತರ, ಸಿಟ್ಟಿನಲ್ಲಿ, ಸಿಕ್ಕವರ ಮೇಲೆ. 2006ರ ಆ ದಿನ ಊರು ಹೊತ್ತಿ ಉರಿಯದಂತೆ ತಡೆದವರಲ್ಲಿ ಸಂಕಟ ಮೋಚನ ಮಂದಿರದ ಮಹಂತ ವೀರಭದ್ರ ಮಿಶ್ರರು ಮೊದಲಿಗರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದ, ಗಂಗೆಯ ಕೊಳೆಯ ವಿರುದ್ಧ ದಶಕಗಟ್ಟಲೆ ಹೋರಾಡಿದ ಮನುಷ್ಯ. ಜನರಿಗೆ ಶಾಂತವಾಗಿರಲು ಹೇಳಿದರು. ರಕ್ತ ತೊಳೆದ ಅಂಗಳದಲ್ಲಿ ಅಂದೇ ರಾತ್ರಿ ಆರತಿ ನಡೆಯಿತು.

ಗುಟ್ಟಿನ ಕಾವಲು ಸರ್ಕಾರದ್ದಾದರೂ ಜನರಿಗೆ ಮುಜುಗರ. 2024ರ ಏಪ್ರಿಲ್‌ನಲ್ಲಿ ವಿಶ್ವನಾಥನ ಗರ್ಭಗುಡಿಯಲ್ಲಿ ಪೊಲೀಸರಿಗೆ ಪೂಜಾರಿಗಳಂತೆ ಧೋತಿ-ಕುರ್ತಾ ಉಡಿಸಿದರು. ಜನರನ್ನು ತಳ್ಳದೆ ಮೆಲ್ಲಗೆ ಸಾಗಿಸಬೇಕೆಂಬ ಉದ್ದೇಶ ಒಳ್ಳೆಯದೇ. ಆದರೂ ಗದ್ದಲವೆದ್ದಿತು, ಈ ವೇಷವನ್ನು ವಂಚಕರು ಹಾಕಿಕೊಂಡರೆ ಗತಿಯೇನು ಎಂದು ಸಮಾಜವಾದಿ ಪಕ್ಷದ ಅಖಿಲೇಶ್ ಯಾದವ್ ಕೇಳಿದರು. ರಾಜಕೀಯವನ್ನು ಪಕ್ಕಕ್ಕಿಟ್ಟರೂ ಪ್ರಶ್ನೆ ಸರಿಯಾದದ್ದು. ಖಾಕಿ ಕಂಡರೆ ಯಾರನ್ನು ದೂರಬೇಕೆಂದಾದರೂ ಗೊತ್ತಿರುತ್ತದೆ. ಹಾಗೆಂದು ಕಾಣುವ ಬಂದೂಕೂ ಎಲ್ಲರಿಗೂ ಒಂದೇ ನೆಮ್ಮದಿ ಕೊಡುವುದಿಲ್ಲ. ಪಕ್ಕದ ಜ್ಞಾನವಾಪಿ ಮಸೀದಿಗೆ ನಮಾಜಿಗೆ ಹೋಗುವವನಿಗೂ ಇತ್ತ ಸಾಲಿನಲ್ಲಿರುವ ಅಜ್ಜಿಗೂ ಅದೇ ಜವಾನ ಬೇರೆ ಬೇರೆಯಾಗಿ ಕಂಡಾನು.

ಮನೆಯ ಮಾತಿಗೆ ಬಂದರೆ ನನಗೆ ನೆನಪಾಗುವುದು ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಯನ್ನು ಒರೆಸಿ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ದೀಪದ ಬಳಿ ಇಟ್ಟು, ನಳಿಕೆಗೆ ತೋಕ್ ಪೂ ಎಂಬ ಕೋವಿ ಹೂವನ್ನು ಸಿಕ್ಕಿಸುತ್ತಾರೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸತ್ತರೆ ಎರಡು. ಮನೆಗೆ ಬಂದವರಿಗೆಲ್ಲ ಕೋವಿ ಇದೆಯೆಂದು ಗೊತ್ತು, ಅದು ಮನೆತನದ್ದು. ಇದನ್ನು ಬಣ್ಣ ಕಟ್ಟಿ ಹೇಳಬೇಕಾಗಿಲ್ಲ. ಆಸ್ತಿ ಜಗಳದಲ್ಲಿ, ಕುಡಿದ ಅಮಲಿನಲ್ಲಿ ಕೊಡಗಿನಲ್ಲೂ ಕೋವಿ ಸಿಡಿದ ಸುದ್ದಿ ಬರುತ್ತದೆ. ಮನೆಯಲ್ಲಿ ಬಂದೂಕಿದ್ದರೆ ಕೊಲೆಯ ಅಪಾಯ 2.7 ಪಟ್ಟು ಹೆಚ್ಚೆಂದು ಆರ್ಥರ್ ಕೆಲ್ಲರ್‌ಮನ್ ತಂಡ 1993ರಲ್ಲಿ ಅಮೆರಿಕದ ಮನೆಗಳನ್ನು ನೋಡಿ ಬರೆದದ್ದು ಇಂದಿಗೂ ವಾದಕ್ಕೆ ವಸ್ತು. ಆದರೂ ಗೋಡೆಯ ಕೋವಿಗೂ ಊಟಕ್ಕೆ ಬಂದ ನೆಂಟನ ಸೊಂಟದ ಪಿಸ್ತೂಲಿಗೂ ಹೋಲಿಕೆಯಿಲ್ಲ. ಎರಡನೆಯದು ಅನ್ನ ಬಡಿಸುವವರನ್ನೂ ಅನುಮಾನಿಸಿಕೊಂಡೇ ಎಲೆಯ ಮುಂದೆ ಕೂತಿರುತ್ತದೆ.

ಹೆದರಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. 1956ರ ಜನವರಿ 30ರಂದು ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಬಿದ್ದಾಗ, ಆ ಪಾದ್ರಿಯೂ ಮರೆಮಾಡಿ ಒಯ್ಯುವ ಪಿಸ್ತೂಲಿಗೆ ಪರವಾನಗಿ ಕೇಳಿದ್ದರು. ಕೊಡಲಿಲ್ಲ. ಆಮೇಲೆ ಮನೆಯಲ್ಲಿದ್ದದ್ದನ್ನೂ ಬೇಡವೆಂದು ಬಿಟ್ಟರು. ಅದಕ್ಕೆ ಎಂಟು ವರ್ಷ ಹಿಂದೆ, ಅದೇ ಜನವರಿ 30ರಂದು, ದೆಹಲಿಯ ಬಿರ್ಲಾ ಭವನದ ಪ್ರಾರ್ಥನೆಗೆ ಬೆರೆಟ್ಟಾ ಪಿಸ್ತೂಲು ಬಚ್ಚಿಟ್ಟುಕೊಂಡು ಒಬ್ಬ ಬಂದಿದ್ದ. ಹತ್ತು ದಿನ ಮೊದಲು ಅಲ್ಲೇ ಬಾಂಬ್ ಸಿಡಿದಿತ್ತು. ಪ್ರಾರ್ಥನೆಗೆ ಬರುವವರನ್ನು ತಪಾಸಣೆ ಮಾಡುತ್ತೇವೆಂದು ಗೃಹಮಂತ್ರಿ ಪಟೇಲರು ಕೇಳಿದ್ದರು, ಗಾಂಧೀಜಿ ಒಪ್ಪಿರಲಿಲ್ಲ.

ಗಾಂಧಿಯ ಈ ನಿರಾಕರಣೆ ನನ್ನ ವಾದಕ್ಕೂ ತೊಡಕೇ. ಅವರಿಗೆ ಕಾಣುವ ಕಾವಲೂ ಬೇಡವಾಗಿತ್ತು. ಆದರೆ ಅವರು ಪಣಕ್ಕಿಟ್ಟದ್ದು ಮುಖ್ಯವಾಗಿ ತಮ್ಮ ಪ್ರಾಣವನ್ನು. ದಿನಕ್ಕೆ ಸಾವಿರಾರು ಜನರನ್ನು ಒಳಬಿಡುವ ಆಡಳಿತ ಮಂಡಳಿಗೆ ಆ ಸ್ವಾತಂತ್ರ್ಯವಿಲ್ಲ. ಹಾಗಾಗಿ ಅಜ್ಜಿಯ ಸಂಚಿ ಬಿಚ್ಚಿಸುವುದಕ್ಕೆ ನನ್ನ ವಿರೋಧವಿಲ್ಲ. ವಿರೋಧವಿರುವುದು ಸಂಚಿಗೆ ಒಂದು ನ್ಯಾಯ, ದೊಡ್ಡವರಿಗೆ ಇನ್ನೊಂದು ಎಂಬುದಕ್ಕೆ. 1988ರ ಕಾಯ್ದೆ ಹೊಣೆ ಹೊರಿಸಿರುವುದು ದೇವಸ್ಥಾನದ ಆಡಳಿತಗಾರರ ಮೇಲೆ, ಐದು ವರ್ಷದವರೆಗಿನ ಸಜೆಯ ಸಮೇತ. ಲೋಹಶೋಧಕವೇ ಇಲ್ಲದ ಗಲ್ಲಿಯ ಗುಡಿಗಳಲ್ಲಿ, ನಮ್ಮ ಮುಜರಾಯಿ ದೇವಸ್ಥಾನಗಳಲ್ಲಿ, ನಾಯಕರ ಹಿಂದೆ ಅವರ ಖಾಸಗಿ ಬಂದೂಕುಧಾರಿಗಳೂ ಒಳನುಗ್ಗಿ ಮಂಗಳಾರತಿ ತೆಗೆದುಕೊಳ್ಳುವಾಗ ಧರ್ಮದರ್ಶಿಗಳು ಹಾರ ಹಿಡಿದು ನಿಂತಿರುತ್ತಾರೆ. ಹಾರ ಹಾಕುವ ಮೊದಲು ‘ಅದನ್ನು ಹೊರಗಿಟ್ಟು ಬನ್ನಿ’ ಎನ್ನಲು ಅವರಿಗೆ ಹೊಸ ಕಾನೂನೇನೂ ಬೇಕಾಗಿಲ್ಲ.