ಫಾರ್ಮ್ಯಾಟ್ ಮಾಡುವ ಮುನ್ನ ಓದೋಣ

ಲ್ಯಾಬ್‌ನಲ್ಲಿ ಯಾವ ಸಿಸ್ಟಮ್ ಕೆಟ್ಟರೂ ನಮ್ಮ ಬಾಯಿಗೆ ಮೊದಲು ಬರುವ ಮಾತು, "ಫಾರ್ಮ್ಯಾಟ್ ಮಾಡಿಬಿಡೋಣ." ಈ ಅಭ್ಯಾಸವನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ಉಬುಂಟು ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋಯಿತು ಎಂದುಕೊಳ್ಳಿ. ಪ್ಯಾಕೇಜಿನ ಫೈಲುಗಳು ಡಿಸ್ಕಿಗೆ ಬಂದಿರುತ್ತವೆ, ಆದರೆ ಅವನ್ನು ಹೊಂದಿಸುವ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಲು ಹೋದರೂ ಎರರ್. ಆದರೆ ಯಾವ ಪ್ಯಾಕೇಜ್ ಯಾವ ಹಂತದಲ್ಲಿದೆ ಎಂಬುದನ್ನು ಡಿಪಿಕೆಜಿ ಎಂಬ ಪ್ರೋಗ್ರಾಂ ಒಂದು ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಕೆಲಸ ನಡುವೆ ನಿಂತಿದೆ, ಈ 'ಕಾನ್ಫಿಗರ್' ಆಜ್ಞೆ ಕೊಟ್ಟು ಸರಿಪಡಿಸಿ ಎಂದು ಎರರ್ ಸಂದೇಶವೇ ಹೇಳುತ್ತದೆ. ಅಂದರೆ ರೋಗದ ಜೊತೆಗೇ ಔಷಧಿ ಚೀಟಿಯೂ ಬಂದಿರುತ್ತದೆ. ಒಂದು ಪ್ಯಾಕೇಜಿಗೆ ಬೇಕಾದ ಇನ್ನೊಂದು ಪ್ಯಾಕೇಜ್ ಇಲ್ಲದಿದ್ದರೆ ಆಪ್ಟ್‌ನ 'ಫಿಕ್ಸ್ ಬ್ರೋಕನ್' ಆಜ್ಞೆ ಇದೆ. ಏನನ್ನು ಹಾಕುತ್ತೇನೆ, ಏನನ್ನು ತೆಗೆಯುತ್ತೇನೆ ಎಂಬ ಪಟ್ಟಿಯನ್ನು ಅದು ಮೊದಲು ತೋರಿಸುತ್ತದೆ. ಓದದೆ 'ವೈ' ಒತ್ತಬಾರದು.

ತೊಡಕಿರುವುದು ಈ ಓದುವುದರಲ್ಲೇ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನ ನಾಲ್ಕು ಸಾಲು ಕಂಡ ಕೂಡಲೇ "ಸರ್" ಎಂದು ಕೈ ಎತ್ತುತ್ತೇವೆ. ಸಿಸ್ಟಮ್ ಸರಿಹೋಗುತ್ತದೆ, ನಾವು ಮಾತ್ರ ಏನೂ ಕಲಿತಿರುವುದಿಲ್ಲ. ಬ್ಯಾಕಪ್ ಇಲ್ಲದೆ ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಪ್ರಾಕ್ಟಿಕಲ್‌ಗೆಂದು ಬರೆದ ಪ್ರೋಗ್ರಾಂಗಳೂ ಹೋಗುತ್ತವೆ.

ನಾಳೆ ಪರೀಕ್ಷೆ ಇದ್ದಾಗ ಕಾರಣ ಹುಡುಕುತ್ತ ಕೂರಲು ಪುರುಸೊತ್ತೆಲ್ಲಿ ಎಂದು ಲ್ಯಾಬ್ ಸಿಬ್ಬಂದಿ ಕೇಳಬಹುದು. ನ್ಯಾಯವಾದ ಪ್ರಶ್ನೆ. ಡಿಸ್ಕೇ ಕೆಟ್ಟಿದ್ದರೆ ಯಾವ ಆಜ್ಞೆಯೂ ಕೆಲಸಕ್ಕೆ ಬಾರದು. ಆದರೆ ವರ್ಷದ ಎಲ್ಲ ದಿನವೂ ಪರೀಕ್ಷೆಯ ಹಿಂದಿನ ದಿನವಲ್ಲವಲ್ಲ? ರಾಜಾಜಿನಗರದ ವರ್ಕ್‌ಶಾಪ್‌ಗಳಲ್ಲಿ ಬೇರಿಂಗ್ ಹೋಯಿತೆಂದು ಯಾರೂ ಲೇತ್ ಮೆಷಿನ್ನನ್ನೇ ಗುಜರಿಗೆ ಹಾಕುವುದಿಲ್ಲ.

ನನ್ನ ಕೋರಿಕೆ ಎರಡು. ಪದೇ ಪದೇ ಬರುವ ಐದು ಎರರ್‌ಗಳ ಅರ್ಥವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಲ್ಯಾಬ್ ಗೋಡೆಗೆ ಅಂಟಿಸೋಣ. ಕೆಟ್ಟ ಸಿಸ್ಟಮ್ ಒಂದನ್ನು, ಫೈಲುಗಳ ಬ್ಯಾಕಪ್ ತೆಗೆದು, ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಡಿ, ಉಪನ್ಯಾಸಕರು ಪಕ್ಕದಲ್ಲಿರಲಿ.

1993ರಲ್ಲಿ ಶುರುವಾದ ಡೆಬಿಯನ್ ಮೇಲೆ ಕಟ್ಟಿದ ಉಬುಂಟು 2004ರಲ್ಲಿ ಬಂತು. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳ ಪ್ಯಾಕೇಜ್‌ಗಳೂ ಇವೆ. ಅಲ್ಲಿಗೆ ಕನ್ನಡವನ್ನು ಮುಟ್ಟಿಸಿದವರು ಎರರ್ ಕಂಡು ಎದ್ದು ಹೋದವರಲ್ಲ, ಕುಳಿತು ಓದಿದವರು.