ಸಾಲನ್ನು ಮುಟ್ಟಿದಾಗ ಏನಾಗಬೇಕು?

ನಮ್ಮಂಥ ಕನ್ನಡ ಸಂಘಗಳ ಬಹುಪಾಲು ಕೆಲಸ ಇಂದು ಕೋಷ್ಟಕಗಳ ಮೂಲಕ ನಡೆಯುತ್ತದೆ. ಸದಸ್ಯರ ಪಟ್ಟಿ, ಯುಗಾದಿ ಊಟಕ್ಕೆ ಹೆಸರು ಕೊಟ್ಟವರ ಪಟ್ಟಿ, ಕನ್ನಡ ಶಾಲೆಯ ಮಕ್ಕಳ ಪಟ್ಟಿ, ಎಲ್ಲವೂ ಜಾಲತಾಣದಲ್ಲಿ ಸಾಲುಸಾಲಾಗಿ ಕಾಣುತ್ತವೆ. ವಾರಾಂತ್ಯದ ಬಿಡುವನ್ನು ತೆತ್ತು ಇವನ್ನು ಸಿದ್ಧಪಡಿಸುವ ಸ್ವಯಂಸೇವಕರಿಗೆ ನಾವೆಲ್ಲರೂ ಋಣಿಗಳು. ಆದರೆ ಒಂದು ಸಾಲನ್ನು ಮುಟ್ಟಿದಾಗ ಏನು ಜರುಗಬೇಕೆಂಬುದನ್ನು ಅವರೊಬ್ಬರ ತೀರ್ಮಾನಕ್ಕೆ ಬಿಟ್ಟು ಉಳಿದವರು ಸುಮ್ಮನಿರುವುದು ತರವಲ್ಲ. ಪ್ರತಿ ಸಾಲಿನ ಹಿಂದೆಯೂ ಒಬ್ಬ ವ್ಯಕ್ತಿ ಇರುತ್ತಾರೆ.

ವೈದ್ಯವೃತ್ತಿಯಲ್ಲಿರುವ ನಮಗೆ ಈ ಪ್ರಶ್ನೆ ಹೊಸದಲ್ಲ. ಆಸ್ಪತ್ರೆಯ ಗಣಕದಲ್ಲಿ ರೋಗಿಗಳ ಪಟ್ಟಿ ತೆರೆದು, ಒಂದು ಸಾಲನ್ನು ಆರಿಸಿ, ಔಷಧವನ್ನೋ ರಕ್ತಪರೀಕ್ಷೆಯನ್ನೋ ಬರೆಯುತ್ತೇವೆ. ಬೆರಳು ಒಂದು ಸಾಲು ಕೆಳಗೆ ಬಿದ್ದರೆ ಔಷಧ ಬೇರೊಬ್ಬರ ಹೆಸರಿಗೆ ಸೇರುತ್ತದೆ. ಇಂಥ ತಪ್ಪುಗಳನ್ನು ಎಣಿಸಲು ಅಮೆರಿಕದ ಸಂಶೋಧಕರು ಒಂದು ಜಾಣ ಉಪಾಯ ಕಂಡುಕೊಂಡರು: ಬರೆದ ಆದೇಶವನ್ನು 10 ನಿಮಿಷದೊಳಗೆ ಹಿಂತೆಗೆದು, ಮುಂದಿನ 10 ನಿಮಿಷದಲ್ಲಿ ಅದೇ ವೈದ್ಯರು ಅದೇ ಆದೇಶವನ್ನು ಬೇರೆ ರೋಗಿಗೆ ಬರೆದ ಪ್ರಸಂಗಗಳನ್ನು ಗಣಕದಿಂದಲೇ ಹುಡುಕಿಸಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ರೋಗಿಯ ಗುರುತನ್ನು ತೋರಿಸಿ ‘ಸರಿ’ ಎಂದು ಒತ್ತಿಸಿಕೊಂಡಾಗ ತಪ್ಪುಗಳು ತುಸು ಇಳಿದವು. ಆ ಗುರುತನ್ನು ವೈದ್ಯರಿಂದಲೇ ಮತ್ತೆ ನಮೂದಿಸಿಕೊಂಡಾಗ ಇನ್ನೂ ಹೆಚ್ಚು ಇಳಿದವು. ಕೇವಲ ‘ಸರಿ’ ಎಂದು ಒತ್ತಿಸುವುದು ದುರ್ಬಲ ಕಾವಲು ಎಂಬುದು ಇದರ ತಾತ್ಪರ್ಯ.

ನಮ್ಮ ಪಟ್ಟಿಗಳಲ್ಲಿ ಅಪಾಯ ಇನ್ನಷ್ಟು ಹತ್ತಿರವಿದೆ. ಊರಿನಲ್ಲಿ ಬರಿಯ ಇನಿಷಿಯಲ್ ಆಗಿದ್ದ ತಂದೆಯ ಹೆಸರು ಪರದೇಶದಲ್ಲಿ ಕೊನೆಯ ಹೆಸರಾಗುತ್ತದೆ. ಕುಮಾರ್, ರಾವ್, ಗೌಡ ಎಂಬವರು ಒಂದೇ ಪಟ್ಟಿಯಲ್ಲಿ ಹಲವರು. ಅಕಾರಾದಿಯಾಗಿ ಜೋಡಿಸಿದೊಡನೆ, ಪರಸ್ಪರ ಗೊಂದಲವಾಗುವ ಹೆಸರುಗಳೇ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ.

ಮೂರು ದೋಷಗಳು ನಮಗೆ ಮುಖ್ಯವೆನಿಸುತ್ತವೆ. ಮೊದಲನೆಯದು, ಸಾಲಿನ ಸ್ಥಾನವನ್ನೇ ವ್ಯಕ್ತಿಯ ಗುರುತೆಂದು ಭಾವಿಸುವುದು. ‘ಏಳನೆಯ ಸಾಲು’ ಎಂದು ತಂತ್ರಾಂಶ ನೆನಪಿಟ್ಟುಕೊಂಡರೆ, ಪಟ್ಟಿಯನ್ನು ಮರುಜೋಡಿಸಿದ ಕ್ಷಣ ಆ ಜಾಗದಲ್ಲಿ ಬೇರೆಯವರಿರುತ್ತಾರೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ರೋಗಿಗೆ 10 ಅಂಕಿಗಳ ಸಂಖ್ಯೆ ಕೊಡುವುದು ಈ ಕಾರಣಕ್ಕೇ; ಕೊನೆಯ ಅಂಕಿ ಉಳಿದ ಒಂಬತ್ತು ಸರಿಯಾಗಿವೆಯೇ ಎಂದು ಪರೀಕ್ಷಿಸಲು ಇರುವುದು. ಸಂಘದ ಸದಸ್ಯತ್ವ ಸಂಖ್ಯೆಯೂ ಹಾಗೆಯೇ ಸಾಲಿಗೆ ಅಂಟಿಕೊಂಡಿರಬೇಕು.

ಎರಡನೆಯದು, ಒಂದು ಸ್ಪರ್ಶಕ್ಕೆ ಎರಡು ಫಲ. ಜಾಲಪುಟದಲ್ಲಿ ಒಳಗಿನ ಗುಂಡಿಯನ್ನು ಒತ್ತಿದ ಸುದ್ದಿ ಅದನ್ನು ಹೊತ್ತ ಸಾಲಿಗೂ, ಅಲ್ಲಿಂದ ಕೋಷ್ಟಕಕ್ಕೂ ಏರುತ್ತ ಹೋಗುತ್ತದೆ. ತಂತ್ರಜ್ಞರು ಇದನ್ನು ‘ಬಬ್ಲಿಂಗ್’ ಎನ್ನುತ್ತಾರೆ. ಸಾವಿರ ಸಾಲುಗಳಿಗೂ ಕೋಷ್ಟಕದಲ್ಲಿ ಒಬ್ಬನೇ ಕಾವಲುಗಾರ ಸಾಕಾಗುವುದು ಇದೇ ಗುಣದಿಂದ. ಆದರೆ ಒತ್ತಿದ್ದು ಗುಂಡಿಯನ್ನೋ ಸಾಲನ್ನೋ ಎಂದು ಆ ಕಾವಲುಗಾರ ವಿಚಾರಿಸದಿದ್ದರೆ, ‘ಅಳಿಸು’ ಎಂಬುದರ ಜೊತೆಗೆ ಸಾಲೂ ತೆರೆದುಕೊಳ್ಳುತ್ತದೆ. ತೆರೆಯಲು ಹೊರಟ ಬೆರಳು ಹಣ ಸಂದಾಯವಾದ ಗುರುತನ್ನೂ ಬದಲಿಸಿಬಿಡಬಹುದು.

ಮೂರನೆಯದು, ಬೆರಳು ಇಳಿಯುತ್ತಿರುವಾಗಲೇ ಪಟ್ಟಿ ಜರುಗುವುದು. ಹೊಸ ಹೆಸರೊಂದು ಮೇಲೆ ಸೇರಿ ಉಳಿದವು ಕೆಳಗೆ ಸರಿದರೆ, ಕಣ್ಣು ಕಂಡದ್ದು ಒಬ್ಬರನ್ನು, ಬೆರಳು ಮುಟ್ಟಿದ್ದು ಮತ್ತೊಬ್ಬರನ್ನು.

ಊಟದ ಪಟ್ಟಿಗೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅದೇ ಪಟ್ಟಿಯಲ್ಲಿ ಯಾವ ಮಗುವಿಗೆ ಕಡಲೆಕಾಯಿ ಆಗದು ಎಂಬುದೂ ಇರುತ್ತದೆ. ಆ ಟಿಪ್ಪಣಿ ಪಕ್ಕದ ಸಾಲಿಗೆ ಹೋದರೆ ಚಿತ್ರಾನ್ನದ ತಟ್ಟೆ ಯಾರ ಮುಂದೆ ಬರುತ್ತದೆಂದು ಯೋಚಿಸಬೇಕು.

ಹಾಗೆಂದು ಹೆಜ್ಜೆಹೆಜ್ಜೆಗೂ ‘ಖಚಿತವೇ?’ ಎಂದು ಕೇಳುವುದು ಪರಿಹಾರವಲ್ಲ. ಸದಾ ಮೊಳಗುವ ಎಚ್ಚರಿಕೆಗೆ ಕಿವಿ ಮಂದವಾಗುವುದನ್ನು ವಾರ್ಡುಗಳಲ್ಲಿ ದಿನವೂ ಕಾಣುತ್ತೇವೆ. ಸಾಲನ್ನು ಮುಟ್ಟಿದರೆ ವಿವರ ತೆರೆಯಲಿ, ಏನೂ ಬದಲಾಗದಿರಲಿ. ಬದಲಾವಣೆಗೆ ಪ್ರತ್ಯೇಕ ಗುಂಡಿಯಿರಲಿ, ಅದರ ಪಕ್ಕದಲ್ಲೇ ಪೂರ್ಣ ಹೆಸರೂ ಸದಸ್ಯತ್ವ ಸಂಖ್ಯೆಯೂ ಕಾಣಲಿ. ಮಾಡಿದ್ದನ್ನು ರದ್ದುಗೊಳಿಸುವ ಅವಕಾಶವಿರಲಿ. ಮರಳಿ ಪಡೆಯಲಾಗದ ಕೆಲಸಕ್ಕೆ ಮಾತ್ರ ಸಂಖ್ಯೆಯನ್ನು ಮತ್ತೆ ಬರೆಸಿಕೊಳ್ಳಲಿ.

ಹಿರಿಯರನ್ನೂ ಮರೆಯಬಾರದು. ಜಾಲತಾಣಗಳ ಸುಗಮ ಬಳಕೆಗೆ 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಒತ್ತುವ ಜಾಗ ಸಾಮಾನ್ಯವಾಗಿ 24 ಪಿಕ್ಸೆಲ್ ಉದ್ದಗಲಕ್ಕೆ ಕಡಿಮೆಯಿರಬಾರದು ಎನ್ನುತ್ತದೆ. ಕೀಲಿಮಣೆಯಿಂದಲೋ ಪರದೆ ಓದಿ ಹೇಳುವ ತಂತ್ರಾಂಶದಿಂದಲೋ ಕೆಲಸ ಮಾಡುವವರಿಗಾಗಿ ಸಾಲಿನೊಳಗೆ ನಿಜವಾದ ಕೊಂಡಿಯೊಂದು ಇರಲೇಬೇಕು. ಸಾಲನ್ನಷ್ಟೇ ಒತ್ತುವಂತೆ ಮಾಡಿದರೆ ಅದು ಅವರ ಕೈಗೆ ಸಿಗದು.

ಮುಂದಿನ ನೋಂದಣಿ ತೆರೆಯುವ ಮುನ್ನ ಕಾರ್ಯಕಾರಿ ಸಮಿತಿ ಒಂದು ಸಂಜೆ ಇದಕ್ಕಾಗಿ ಮೀಸಲಿಡಬೇಕೆಂದು ಕೋರುತ್ತೇವೆ. ಒಂದೇ ಬಗೆಯ ಹೆಸರುಗಳಿರುವ ಮಾದರಿ ಪಟ್ಟಿಯೊಂದನ್ನು ಸಂಘದ ಅಜ್ಜ ಅಜ್ಜಿಯರ ಫೋನಿನಲ್ಲಿ ತೆರೆದುಕೊಟ್ಟು, ಅವರ ಬೆರಳು ಎಲ್ಲಿ ತಡವರಿಸುತ್ತದೆಂದು ನೋಡೋಣ. ತಿದ್ದಬೇಕಾದುದೇನೆಂದು ನಮ್ಮ ತಂತ್ರಜ್ಞ ಮಿತ್ರರಿಗೆ ಅಲ್ಲಿಯೇ ತಿಳಿಯುತ್ತದೆ.